ದೋಣಿಯ ಡೀಸೆಲ್ ಎಂಜಿನ್ ನೋಡಿಕೊಳ್ಳುವುದು: ಪೈಪ್ ಹಿಡಿದು ಕಲಿಯುವ ದಾರಿ

ದೋಣಿ ಕೊಂಡ ಮೊದಲ ಎರಡು ವರ್ಷ ನಾನು ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಆಯಿಲ್ ಕಡ್ಡಿ ನೋಡುವುದಕ್ಕೆ ಮಾತ್ರ. ಉಳಿದದ್ದೆಲ್ಲ ಮೆಕ್ಯಾನಿಕ್‌ನ ಕೆಲಸ ಎಂದುಕೊಂಡಿದ್ದೆ. ಒಂದು ಸಲ ಸರ್ವಿಸ್ ಮಾಡಿಸಿಕೊಂಡು ಹೊರಟು ಒಂದು ಗಂಟೆ ಆಗಿತ್ತು. ಎಂಜಿನ್ ಎರಡು ಸಲ ಬಿಕ್ಕಳಿಸಿದ ಹಾಗೆ ಮಾಡಿ ನಿಂತುಹೋಯಿತು. ಲಂಗರು ಹಾಕಿ ಕೂತೆವು. ಕೊನೆಗೆ ಇನ್ನೊಂದು ದೋಣಿಯವರು ಹಗ್ಗ ಕೊಟ್ಟು ಎಳೆದುಕೊಂಡು ಬಂದರು.

ಕಾರಣ ಏನು ಗೊತ್ತಾ? ಡೀಸೆಲ್ ಫಿಲ್ಟರ್ ಬದಲಿಸಿದವರು ಹಳೆಯ ರಬ್ಬರ್ ರಿಂಗನ್ನೇ ಮತ್ತೆ ಹಾಕಿದ್ದರು. ಅದರ ಸಂದಿಯಿಂದ ಗಾಳಿ ಒಳಗೆ ಹೋಗಿತ್ತು. ಸರಿ ಮಾಡುವುದು ಹದಿನೈದು ನಿಮಿಷದ ಕೆಲಸ. ಹೊಸ ರಿಂಗು ನನ್ನ ಡಬ್ಬಿಯಲ್ಲೇ ಇತ್ತು. ಅದು ಎಲ್ಲಿ ಕೂರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಎಳೆದು ತಂದವರಲ್ಲಿ ಒಬ್ಬರು ಹಿರಿಯರು ಒಂದು ಮಾತು ಹೇಳಿದರು: "ಎಂಜಿನ್ ನೋಡಿ ಹೆದರ್ಕೋಬೇಡಿ ಸಾರ್. ಒಂದೊಂದೇ ಪೈಪ್ ಹಿಡ್ಕೊಂಡು ಹೋಗಿ. ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ನೋಡಿ." ನಾನು ಕಲಿತದ್ದು ಹಾಗೆಯೇ. ಇಲ್ಲಿ ಹೇಳುವುದೂ ಅದೇ ಕ್ರಮದಲ್ಲಿ.

ಮೊದಲು ಎಂಜಿನ್ ಬಗ್ಗೆ ಎರಡೇ ಮಾತು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 23 ಪಟ್ಟು ಒತ್ತಿದಾಗ ಅದು ಕೆಂಡದಷ್ಟು ಕಾಯುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿದ ಕೂಡಲೇ ತಾನಾಗಿ ಹತ್ತಿಕೊಳ್ಳುತ್ತದೆ. ಚೊಕ್ಕ ಡೀಸೆಲ್, ಸಾಕಷ್ಟು ಗಾಳಿ, ತಂಪು ಮಾಡಲು ನೀರು, ಜಾರಲು ಆಯಿಲ್. ಈ ನಾಲ್ಕು ಸಿಕ್ಕರೆ ಅದು ಸಾವಿರಾರು ಗಂಟೆ ಓಡುತ್ತದೆ. ನಡುನೀರಿನಲ್ಲಿ ನಿಲ್ಲುವ ಎಂಜಿನ್ನುಗಳಲ್ಲಿ ಹೆಚ್ಚಿನವು ಒಳಗೆ ಏನೋ ಮುರಿದು ನಿಲ್ಲುವುದಲ್ಲ. ಬರಬೇಕಾದದ್ದು ಬರದೆ ನಿಲ್ಲುತ್ತವೆ. ಅಂದರೆ ತೊಂದರೆ ಇರುವುದು ಪೈಪಿನಲ್ಲಿ, ಫಿಲ್ಟರಿನಲ್ಲಿ, ಪಂಪಿನಲ್ಲಿ. ಅಲ್ಲಿಗೆಲ್ಲ ನಮ್ಮ ಕೈ ಹೋಗುತ್ತದೆ.

ಮೊದಲ ದಿನ ಸ್ಪ್ಯಾನರ್ ಬೇಡ

ಒಂದು ಟಾರ್ಚ್, ಫೋನ್ ಕ್ಯಾಮೆರಾ, ಒಂದು ನೋಟ್‌ಬುಕ್, ಮೂರು ಬಣ್ಣದ ಟೇಪು. ಇಷ್ಟು ಸಾಕು. ನಿಮ್ಮ ಎಂಜಿನ್ ಮಾದರಿಯ ಮಾಲೀಕರ ಕೈಪಿಡಿಯನ್ನೂ ಬಿಡಿಭಾಗಗಳ ಪಟ್ಟಿಯನ್ನೂ ಮೊದಲೇ ಹುಡುಕಿಟ್ಟುಕೊಳ್ಳಿ. ಬಿಡಿಭಾಗಗಳ ಪಟ್ಟಿಯಲ್ಲಿ ಪ್ರತಿ ಭಾಗವನ್ನೂ ಬಿಡಿಸಿ ತೋರಿಸಿದ ಚಿತ್ರ ಇರುತ್ತದೆ. ನನ್ನ ಮಟ್ಟಿಗೆ ಕೈಪಿಡಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂದಿದೆ. ಯಾವ ವಾಷರ್ ಯಾವುದರ ಮೇಲೆ ಕೂರುತ್ತದೆ ಎನ್ನುವುದು ಅದರಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈಗ ಡೀಸೆಲ್ ಟ್ಯಾಂಕಿನಿಂದ ಶುರು ಮಾಡಿ. ಪೈಪಿನ ಮೇಲೆ ಬೆರಳಿಟ್ಟು ಎಂಜಿನ್ ತನಕ ಹೋಗಿ. ನಡುವೆ ಸಿಕ್ಕ ಪ್ರತಿ ವಾಲ್ವು, ಫಿಲ್ಟರು, ಪಂಪಿನ ಫೋಟೋ ತೆಗೆಯಿರಿ. ಪೈಪಿಗೆ ಹಳದಿ ಟೇಪು ಸುತ್ತಿ. ಆಮೇಲೆ ದೋಣಿಯ ತಳದಿಂದ ಬರುವ ನೀರಿನ ಪೈಪಿಗೆ ನೀಲಿ, ಎಂಜಿನ್ನಿನ ಸ್ವಂತ ಕೂಲಂಟ್ (ಒಳಗೇ ಸುತ್ತುತ್ತಾ ತಂಪು ಮಾಡುವ ದ್ರವ) ಓಡುವ ಪೈಪಿಗೆ ಹಸಿರು. ಮನೆಗೆ ಹೋಗಿ ಇದನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ. ಚಿತ್ರ ಸೊಟ್ಟಗಿದ್ದರೂ ಚಿಂತೆ ಇಲ್ಲ. ಎಲ್ಲಿ ಗೀಚಲು ತೋಚಲಿಲ್ಲವೋ ಅಲ್ಲಿ ನೀವು ಸರಿಯಾಗಿ ನೋಡಿಲ್ಲ ಎಂದು ಅರ್ಥ. ಮತ್ತೆ ಹೋಗಿ ನೋಡಿ.

ಹಾಗೆಯೇ ಎಂಜಿನ್ನನ್ನೂ ಅದರ ಕೆಳಗಿನ ಬಿಲ್ಜನ್ನೂ (ದೋಣಿಯ ತಳದ ಗುಳಿ) ಒರೆಸಿ ಚೊಕ್ಕ ಮಾಡಿ. ಕೆಳಗೆ ಬಿಳಿ ಹೀರುಹಾಳೆಯನ್ನೋ ಹಳೆಯ ಬಿಳಿ ಬಟ್ಟೆಯನ್ನೋ ಹಾಸಿ. ಇನ್ನು ಮೇಲೆ ಏನು ತೊಟ್ಟಿಕ್ಕಿದರೂ ಅದರ ಬಣ್ಣ ಹೇಳಿಬಿಡುತ್ತದೆ: ಕಪ್ಪಾದರೆ ಆಯಿಲ್, ಹಸಿರೋ ಕೆಂಪೋ ಆದರೆ ಕೂಲಂಟ್ ಅಥವಾ ಗೇರ್‌ಬಾಕ್ಸ್ ಆಯಿಲ್, ಒಣಗಿ ಬಿಳಿ ಹುಡಿಯಾದರೆ ಉಪ್ಪುನೀರು. ಕೊಳಕು ಎಂಜಿನ್ನಿನಲ್ಲಿ ಸೋರಿಕೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಕೈ ಹಾಕುವ ಮೊದಲು ನಾಲ್ಕು ಎಚ್ಚರಿಕೆ. ಬೆಲ್ಟಿನ ಹತ್ತಿರ ಕೈ ಇಡುವಾಗ ಎಂಜಿನ್ ನಿಂತಿರಬೇಕು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮುವ ಭಾಗ) ಪೈಪಿನಿಂದ ಡೀಸೆಲ್ ಸೋರಿ ಚಿಮ್ಮುತ್ತಿದ್ದರೆ ಬೆರಳಿಟ್ಟು ಪರೀಕ್ಷೆ ಮಾಡಲೇಬೇಡಿ. ಆ ಒತ್ತಡ ಚರ್ಮ ತೂರಿ ಒಳಗೆ ಹೋಗುವಷ್ಟಿರುತ್ತದೆ. ಹೋದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಹೊರಗಿನ ನೀರಿನ ದಾರಿ

ಕಾರಿಗೆ ರೇಡಿಯೇಟರ್ ಇದ್ದ ಹಾಗೆ ದೋಣಿಗೆ ಸುತ್ತಲಿನ ನೀರೇ ರೇಡಿಯೇಟರ್. ದಾರಿ ಹೀಗಿರುತ್ತದೆ: ತಳದಲ್ಲಿರುವ ಸೀಕಾಕ್ ಎಂಬ ವಾಲ್ವು, ಆಮೇಲೆ ಕಸ ಹಿಡಿಯುವ ಸ್ಟ್ರೇನರ್, ಆಮೇಲೆ ಪಂಪು. ಪಂಪಿನಿಂದ ಹೀಟ್ ಎಕ್ಸ್‌ಚೇಂಜರ್. ಅಲ್ಲಿ ಹೊರಗಿನ ನೀರು ಸಣ್ಣ ಕೊಳವೆಗಳೊಳಗೆ ಹರಿಯುತ್ತಾ ಕೂಲಂಟಿನ ಬಿಸಿ ಹೀರಿಕೊಳ್ಳುತ್ತದೆ. ಕೊನೆಗೆ ಎಗ್ಸಾಸ್ಟ್ ಎಲ್ಬೋದಲ್ಲಿ (ಹೊಗೆ ಕೊಳವೆಯ ಬಾಗು) ಹೊಗೆಯೊಂದಿಗೆ ಬೆರೆತು ಹಿಂದಿನಿಂದ ಹೊರಗೆ. ಕೆಲವು ಹಳೆಯ ಸಣ್ಣ ಎಂಜಿನ್ನುಗಳಲ್ಲಿ ಕೂಲಂಟ್ ಇರುವುದಿಲ್ಲ, ಹೊರಗಿನ ನೀರೇ ಸೀದಾ ಎಂಜಿನ್ನೊಳಗೆ ಹರಿಯುತ್ತದೆ. ನೀರು ಜಾಸ್ತಿ ಕಾದರೆ ಉಪ್ಪು ಒಳಗೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಅಂಥವುಗಳ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವು) ಸುಮಾರು 55-60 ಡಿಗ್ರಿಗೇ ತೆರೆದುಕೊಳ್ಳುತ್ತದೆ. ಕೂಲಂಟ್ ಇರುವ ಎಂಜಿನ್ನುಗಳು 75-85 ಡಿಗ್ರಿಯಲ್ಲಿ ಓಡುತ್ತವೆ. ನಿಮ್ಮದು ಯಾವುದು ಎಂದು ತಿಳಿದುಕೊಳ್ಳಿ. ಇಲ್ಲದಿದ್ದರೆ ಮೀಟರಿನ ಮುಳ್ಳು ನೋಡಿ ಸುಮ್ನೆ ಗಾಬರಿಯಾಗುತ್ತೀರಿ, ಅಥವಾ ಗಾಬರಿಯಾಗಬೇಕಾದಾಗ ಆಗುವುದಿಲ್ಲ.

ಈ ದಾರಿಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದು ಪಂಪಿನೊಳಗಿನ ಇಂಪೆಲ್ಲರ್. ಹೂವಿನ ಎಸಳಿನಂಥ ರಬ್ಬರ್ ರೆಕ್ಕೆಗಳ ಚಕ್ರ ಅದು. ನೀರೇ ಅದಕ್ಕೆ ಆಯಿಲ್. ನೀರಿಲ್ಲದೆ ಒಣಗಿ ತಿರುಗಿದರೆ ಒಂದೆರಡು ನಿಮಿಷದೊಳಗೇ ಸುಟ್ಟು ಹರಿಯುತ್ತದೆ. ನಾನು ವರ್ಷಕ್ಕೊಂದು ಹೊಸದು ಹಾಕುತ್ತೇನೆ. ಹಳೆಯದು ಚೆನ್ನಾಗಿದ್ದರೂ ಸರಿ. ಬದಲಿಸುವ ಕ್ರಮ ಇದು:

1. ಸೀಕಾಕ್ ಮುಚ್ಚಿ. ಎಂಜಿನ್ ಕೀಲಿಯನ್ನು ಸೀಕಾಕಿನ ಹಿಡಿಗೇ ನೇತುಹಾಕಿ. ಸೀಕಾಕ್ ತೆರೆಯುವುದನ್ನು ಮರೆತು ಸ್ಟಾರ್ಟ್ ಮಾಡುವ ಚಾನ್ಸೇ ಇರುವುದಿಲ್ಲ.

2. ಪಂಪಿನ ಕೆಳಗೆ ಒಂದು ಬಟ್ಟೆ ಹರಡಿ. ಮುಚ್ಚಳಕ್ಕೆ ನಾಲ್ಕರಿಂದ ಆರು ಸಣ್ಣ ಸ್ಕ್ರೂ ಇರುತ್ತವೆ. ಬಟ್ಟೆ ಹಾಸದಿದ್ದರೆ ಅವುಗಳಲ್ಲಿ ಒಂದಾದರೂ ಬಿಲ್ಜ್ ಸೇರುವುದು ಗ್ಯಾರಂಟಿ.

3. ಮುಚ್ಚಳ ತೆಗೆದ ಕೂಡಲೇ ಫೋಟೋ ತೆಗೆಯಿರಿ. ರೆಕ್ಕೆಗಳು ಯಾವ ಕಡೆಗೆ ಬಾಗಿವೆ ಎಂಬುದು ಮುಖ್ಯ.

4. ಇಕ್ಕಳದಿಂದ ಮೆಲ್ಲಗೆ ಎಳೆಯಿರಿ. ಸ್ಕ್ರೂ ಡ್ರೈವರಿನಿಂದ ಮೀಟುವುದಾದರೆ ಪಂಪಿನ ಅಂಚು ಗೀರಬಾರದು, ಆಮೇಲೆ ಅಲ್ಲೇ ಸೋರುತ್ತದೆ.

5. ರೆಕ್ಕೆಗಳನ್ನು ಎಣಿಸಿ. ಬುಡದಲ್ಲಿ ಬಗ್ಗಿಸಿ ಬಿರುಕು ನೋಡಿ. ಒಂದು ಚೂರು ಕಾಣೆಯಾಗಿದ್ದರೂ ಅದು ಎಲ್ಲಿ ಹೋಯಿತು ಎಂದು ಹುಡುಕಲೇಬೇಕು. ಸಾಮಾನ್ಯವಾಗಿ ಪಂಪಿನ ಮುಂದಿನ ಪೈಪಿನ ತಿರುವಿನಲ್ಲೋ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೋ ಸಿಕ್ಕಿಕೊಂಡಿರುತ್ತದೆ. ಬಿಟ್ಟರೆ ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತಲೇ ಇರುತ್ತದೆ.

6. ಹೊಸದಕ್ಕೆ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಸೋಪಿನ ದ್ರವ ಸವರಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಪಂಪು ತಿರುಗುವ ದಿಕ್ಕಿಗೇ ತಿರುವುತ್ತಾ ಒಳಗೆ ತಳ್ಳಿ.

7. ಹೊಸ ಗ್ಯಾಸ್ಕೆಟ್ (ಸೋರದಂತೆ ಮುಚ್ಚಳದಡಿ ಇಡುವ ತೆಳು ಹಾಳೆ) ಇಟ್ಟು ಮುಚ್ಚಳ ಬಿಗಿ ಮಾಡಿ. ಸೀಕಾಕ್ ತೆರೆಯಿರಿ. ಸ್ಟಾರ್ಟ್ ಮಾಡಿ ಹಿಂದೆ ಹೋಗಿ ನೋಡಿ. ಅರ್ಧ ನಿಮಿಷದೊಳಗೆ ನೀರು ಚಿಮ್ಮಬೇಕು. ಇಲ್ಲದಿದ್ದರೆ ನಿಲ್ಲಿಸಿ.

ಮೊದಲ ಸಲ ಇದಕ್ಕೆ ನನಗೆ ಎರಡು ಗಂಟೆ ಹಿಡಿಯಿತು, ಬೈಗುಳ ಬೇರೆ. ಈಗ ಇಪ್ಪತ್ತು ನಿಮಿಷ. ಈ ಕೆಲಸವನ್ನು ದಡದಲ್ಲಿ ಕಟ್ಟಿದ ದೋಣಿಯಲ್ಲಿ, ಹಗಲು ಹೊತ್ತಿನಲ್ಲಿ ಒಂದು ಸಲವಾದರೂ ಮಾಡಿ ನೋಡಿ. ಅಲೆಗೆ ಓಲಾಡುವ ದೋಣಿಯಲ್ಲಿ, ಕಾದ ಎಂಜಿನ್ನಿನ ಪಕ್ಕ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮೊದಲ ಪಾಠ ಕಲಿಯುವುದು ಬೇಡ ಅಲ್ವಾ?

ಈ ದಾರಿಯಲ್ಲೇ ಇನ್ನು ಮೂರು ಜಾಗ ಇವೆ. ಹೀಟ್ ಎಕ್ಸ್‌ಚೇಂಜರಿಗೆ ಒಂದು ಸತುವಿನ ಕಡ್ಡಿ ತಿರುಗಿಸಿರುತ್ತಾರೆ (ಎಲ್ಲ ಎಂಜಿನ್ನಿಗೂ ಇರುವುದಿಲ್ಲ). ಉಪ್ಪುನೀರು ಉಳಿದ ಲೋಹವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದು. ಅರ್ಧ ಸವೆದರೆ ಬದಲಿಸಿ.

ಎರಡನೆಯದು ಎಗ್ಸಾಸ್ಟ್ ಎಲ್ಬೋ. ಹೊಗೆಯ ಮಸಿಯೂ ಉಪ್ಪೂ ಸೇರಿ ಅದರ ಬಾಯಿ ಒಳಗಿಂದೊಳಗೆ ಕಟ್ಟುತ್ತಾ ಬರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎಂಜಿನ್ ದಿನದಿಂದ ದಿನಕ್ಕೆ ಸೊರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ನಾವು ಡೀಸೆಲ್ ಪಂಪನ್ನು ಬೈಯುತ್ತೇವೆ. ವರ್ಷಕ್ಕೊಮ್ಮೆ ಪೈಪ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ.

ಮೂರನೆಯದು, ಎಂಜಿನ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪನ್ನು ಮೇಲಕ್ಕೆ ಎತ್ತಿ ಬಗ್ಗಿಸಿ ಆ ಬಾಗಿನ ನೆತ್ತಿಯಲ್ಲಿ ಒಂದು ಸಣ್ಣ ಗಾಳಿ ವಾಲ್ವು ಇಟ್ಟಿರುತ್ತಾರೆ. ಎಂಜಿನ್ ನಿಂತ ಮೇಲೆ ಹೊರಗಿನ ನೀರು ತಾನಾಗಿ ಎಳೆದುಕೊಂಡು ಸಿಲಿಂಡರಿನೊಳಗೆ ಇಳಿಯದಿರಲಿ ಎಂದು. ಉಪ್ಪು ಕಟ್ಟಿ ಅದು ಅಂಟಿಕೊಂಡರೆ ಇಡೀ ಎಂಜಿನ್ ಹಾಳಾಗಬಹುದು. ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ತೊಳೆದರೆ ಆಯಿತು. ಕಾಸಿನ ಖರ್ಚಿಲ್ಲ.

ಕೂಲಂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಣ್ಣಗಿದ್ದಾಗ ಮಟ್ಟ ನೋಡಿ, ಕೈಪಿಡಿ ಹೇಳಿದ ಜಾತಿಯದ್ದನ್ನೇ ಹಾಕಿ, ಬೇರೆ ಬೇರೆ ಜಾತಿ ಬೆರೆಸಬೇಡಿ. ಮಾಮೂಲಿ ಕೂಲಂಟಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಡೀಸೆಲಿನ ದಾರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದೋಣಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಡೀಸೆಲಿನ ದೊಡ್ಡ ಶತ್ರು ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಒಳಗೋಡೆಗೆ ಬೆವರು ಕಟ್ಟುತ್ತದೆ. ಡೆಕ್ಕಿನ ಮೇಲಿನ ಮುಚ್ಚಳದ ರಬ್ಬರ್ ರಿಂಗು ಒಡೆದಿದ್ದರೆ ಮಳೆನೀರೂ ಸೇರುತ್ತದೆ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಶಾಂತ ನೀರಿನಲ್ಲಿ ಎಲ್ಲ ತಳದಲ್ಲೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಅಲೆ ಎದ್ದು ದೋಣಿ ಕುಣಿದಾಗ ಅದೆಲ್ಲ ಕದಡಿ ಒಟ್ಟಿಗೇ ಫಿಲ್ಟರಿಗೆ ಬರುತ್ತದೆ. ಎಂಜಿನ್ ಬೇಕೇಬೇಕಾದ ಹೊತ್ತಿಗೇ ಕೈಕೊಡುವ ಗುಟ್ಟು ಇದು. ಅದಕ್ಕೇ ದೋಣಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ ಇಡಿ, ಮುಚ್ಚಳದ ರಿಂಗು ನೋಡುತ್ತಿರಿ. ಟ್ಯಾಂಕಿನ ತಳದಲ್ಲಿ ಬಸಿಯುವ ನಲ್ಲಿ ಇದ್ದರೆ ಆಗಾಗ ಒಂದು ಲೋಟ ಬಸಿದು ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ ನೋಡಿ.

ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ನೀರು ಬೇರ್ಪಡಿಸುವ ಫಿಲ್ಟರಿಗೆ ಬರುತ್ತದೆ. ಅದಕ್ಕೆ ಕೆಳಗೆ ಪಾರದರ್ಶಕ ಬಟ್ಟಲು ಇರುತ್ತದೆ. ಇಲ್ಲಿ 10ರಿಂದ 30 ಮೈಕ್ರಾನಿನ ಜಾಲರಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪು, ಅಲ್ಲಿಂದ ಎಂಜಿನ್ ಮೇಲಿನ ಸಣ್ಣ ಫಿಲ್ಟರು. ಇದು ಇನ್ನೂ ನವಿರು. ಕೊನೆಗೆ ಡೀಸೆಲಿಗೆ ಭಾರಿ ಒತ್ತಡ ಕೊಡುವ ಇಂಜೆಕ್ಷನ್ ಪಂಪು, ಇಂಜೆಕ್ಟರು. ಪ್ರತಿ ಸಲ ಹೊರಡುವ ಮೊದಲು ಬಟ್ಟಲಿನ ತಳ ನೋಡುವುದು ಅಭ್ಯಾಸವಾಗಲಿ. ಗುಳ್ಳೆಯ ಹಾಗೆ ನೀರು ಕೂತಿದ್ದರೆ ಕೆಳಗಿನ ತಿರುಪು ಸಡಿಲಿಸಿ ಬಸಿದುಬಿಡಿ. ಎರಡೂ ಫಿಲ್ಟರನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ. ಬದಲಿಸುವಾಗ, ದಯವಿಟ್ಟು, ಹೊಸ ರಿಂಗು ಹಾಕಿ.

ಫಿಲ್ಟರ್ ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಇಂಜೆಕ್ಟರಿಗೆ ಬೇಕಾದ ಒತ್ತಡವೇ ಏಳುವುದಿಲ್ಲ. ಮೆಕ್ಯಾನಿಕ್‌ಗಳು "ಏರ್ ಹಿಡಿದಿದೆ" ಎನ್ನುವುದು ಇದಕ್ಕೇ. ಏರ್ ತೆಗೆಯುವುದನ್ನು ಕಲಿತರೆ ಅರ್ಧ ಮೆಕ್ಯಾನಿಕ್ ಆದ ಹಾಗೆ. ಹಳೆಯ ಮಾದರಿಯ ಯಾಂತ್ರಿಕ ಇಂಜೆಕ್ಷನ್ ಪಂಪ್ ಇರುವ ಎಂಜಿನ್ನಾದರೆ ಹೀಗೆ ಮಾಡಿ:

1. ಟ್ಯಾಂಕಿನ ವಾಲ್ವು ತೆರೆದಿದೆಯೇ, ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ನೋಡಿ. ನಗಬೇಡಿ. ನಾನು ಒಮ್ಮೆ ಮುಚ್ಚಿದ ವಾಲ್ವಿನ ಜೊತೆ ಅರ್ಧ ಗಂಟೆ ಗುದ್ದಾಡಿದ್ದೇನೆ.

2. ಮೊದಲ ಫಿಲ್ಟರಿಗೆ ಚೊಕ್ಕ ಡೀಸೆಲ್ ತುಂಬಿಸಿ ಮುಚ್ಚಿ.

3. ಎಂಜಿನ್ ಮೇಲಿನ ಫಿಲ್ಟರಿನ ತಲೆಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಸುತ್ತ ಬಟ್ಟೆ ಇಟ್ಟು ಅದನ್ನು ಒಂದೆರಡು ಸುತ್ತು ಸಡಿಲಿಸಿ. ಪೂರ್ತಿ ತೆಗೆಯಬೇಡಿ.

4. ಲಿಫ್ಟ್ ಪಂಪಿನ ಪಕ್ಕದ ಕೈ ಸನ್ನೆಯನ್ನು ಒತ್ತುತ್ತಾ ಹೋಗಿ. ಮೊದಲು ನೊರೆ ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ, ಒತ್ತುತ್ತಿರುವಾಗಲೇ ತಿರುಪು ಬಿಗಿ ಮಾಡಿ. ಸನ್ನೆ ಒತ್ತಿದರೂ ಒಳಗೆ ಏನೂ ಸಿಗದ ಹಾಗಿದ್ದರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗಿನ ಕ್ಯಾಮ್ (ಪಂಪನ್ನು ನಡೆಸುವ ಉಬ್ಬು ಚಕ್ರ) ಅದನ್ನು ಎತ್ತಿ ಹಿಡಿದಿರುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

5. ಇಂಜೆಕ್ಷನ್ ಪಂಪಿನ ಮೇಲೂ ಇಂಥದೇ ತಿರುಪು ಇದ್ದರೆ ಅಲ್ಲೂ ಇದನ್ನೇ ಮಾಡಿ.

6. ಸ್ಟಾರ್ಟ್ ಮಾಡಿ. ಆಗದಿದ್ದರೆ ಇಂಜೆಕ್ಟರಿಗೆ ಪೈಪು ಸೇರುವ ಜಾಗದ ನಟ್ಟು ಅರ್ಧ ಸುತ್ತು ಸಡಿಲಿಸಿ, ಥ್ರಾಟಲ್ ಪೂರ್ತಿ ಕೊಟ್ಟು, ಬಟ್ಟೆ ಮುಚ್ಚಿ, ದೂರ ನಿಂತು ಸ್ಟಾರ್ಟರ್ ತಿರುಗಿಸಿ. ಡೀಸೆಲ್ ತೊಟ್ಟು ತೊಟ್ಟಾಗಿ ಚಿಮ್ಮಿದ ಮೇಲೆ ನಿಲ್ಲಿಸಿ ಬಿಗಿ ಮಾಡಿ.

ಎರಡು ಮಾತು ನೆನಪಿರಲಿ. ಹೊಸ ಕಾಮನ್ ರೈಲ್ ಎಂಜಿನ್ನುಗಳಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಮಾದರಿ) ಕೊನೆಯ ಹಂತವನ್ನು ಎಂದಿಗೂ ಮಾಡಬೇಡಿ. ಅಲ್ಲಿನ ಒತ್ತಡ 1,000 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು, ದಾಟುತ್ತದೆ. ಇನ್ನೊಂದು, ಎಂಜಿನ್ ಹತ್ತದೆ ಸ್ಟಾರ್ಟರನ್ನೇ ತಿರುಗಿಸುತ್ತಾ ಇದ್ದರೆ ನೀರಿನ ಪಂಪು ನೀರೆತ್ತುತ್ತಲೇ ಇರುತ್ತದೆ. ಅದನ್ನು ಹೊರಗೆ ತಳ್ಳಲು ಹೊಗೆ ಇಲ್ಲ. ನೀರು ಸೈಲೆನ್ಸರಿನಲ್ಲಿ ತುಂಬಿ ವಾಪಸ್ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ 10-15 ಸೆಕೆಂಡ್ ತಿರುಗಿಸಿ, ಬಿಡುವು ಕೊಟ್ಟು, ಮತ್ತೆ ತಿರುಗಿಸಿ. ಜಾಸ್ತಿ ಸಲ ತಿರುಗಿಸಬೇಕಾಗಿ ಬಂದರೆ ಸೀಕಾಕ್ ಮುಚ್ಚಿಡಿ. ಎಂಜಿನ್ ಹತ್ತಿದ ಕ್ಷಣವೇ ತೆರೆಯಿರಿ.

ಆಯಿಲ್

ಆಯಿಲ್ ಕಪ್ಪಾಗಿದೆ ಎಂದು ಚಿಂತೆ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತದೆ. ನೋಡಬೇಕಾದ್ದು ಬೇರೆ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿದ್ದರೆ ನೀರೋ ಡೀಸೆಲೋ ಸೋರಿ ಇಳಿಯುತ್ತಿದೆ. ಮೂಗಿಗೆ ಹಿಡಿದರೆ ಡೀಸೆಲಿನ ವಾಸನೆ ಗೊತ್ತಾಗುತ್ತದೆ. ಎರಡರಲ್ಲಿ ಯಾವುದಾದರೂ ಎಂಜಿನ್ ಓಡಿಸಬೇಡಿ, ಕಾರಣ ಹುಡುಕಿ.

ಬದಲಿಸುವುದು ಕೈಪಿಡಿ ಹೇಳಿದ ಗಂಟೆಗೆ. ಸಾಮಾನ್ಯವಾಗಿ 100ರಿಂದ 200 ಗಂಟೆಗೊಮ್ಮೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ. ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ. ಆಗ ಆಯಿಲ್ ತೆಳ್ಳಗಾಗಿ ಕೊಳೆಯೂ ಜೊತೆಗೆ ಬರುತ್ತದೆ. ದೋಣಿಯಲ್ಲಿ ಕೆಳಗಿನ ಬೋಲ್ಟ್ ಬಿಚ್ಚಲು ಜಾಗವೇ ಇರುವುದಿಲ್ಲ. ಕಡ್ಡಿಯ ತೂತಿನಿಂದಲೇ ತೆಳ್ಳನೆಯ ಪೈಪ್ ಇಳಿಸಿ ಕೈಪಂಪಿನಿಂದ ಎಳೆಯುವುದು ವಾಡಿಕೆ. ಫಿಲ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಚ್ಚಿ, ಇಲ್ಲದಿದ್ದರೆ ಬಿಲ್ಜ್ ಪೂರ್ತಿ ಆಯಿಲ್. ಹಳೆಯ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡಿರಬಹುದು, ಬೆರಳಿಂದ ಸವರಿ ನೋಡಿ. ಹೊಸ ಫಿಲ್ಟರಿನ ರಿಂಗಿಗೆ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ, ಕೂತ ಮೇಲೆ ಮುಕ್ಕಾಲು ಸುತ್ತು. ಸ್ಪ್ಯಾನರ್ ಹಾಕಿ ಬಿಗಿದರೆ ಮುಂದಿನ ವರ್ಷ ಅಳುವವರು ನೀವೇ. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ತುಂಬಿಸಿ, ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಡ್ಡಿ ನೋಡಿ ಉಳಿದದ್ದು ಹಾಕಿ. ಮೇಲಿನ ಗೆರೆ ದಾಟಬಾರದು. 15ಡಬ್ಲ್ಯೂ-40 ಆಯಿಲ್ ಬಹಳ ಎಂಜಿನ್ನುಗಳಿಗೆ ಆಗುತ್ತದೆ, ಆದರೆ ಕೊನೆಯ ಮಾತು ಕೈಪಿಡಿಯದ್ದು. ಗೇರ್‌ಬಾಕ್ಸಿಗೆ ಬೇರೆ ಕಡ್ಡಿ, ಬೇರೆ ಆಯಿಲ್. ಅದನ್ನು ಮರೆಯುವವರೇ ಜಾಸ್ತಿ. ಹಳೆಯ ಆಯಿಲ್ ನೀರಿಗೆ ಸುರಿಯಬೇಡಿ, ಡಬ್ಬಿಗೆ ತುಂಬಿಸಿ ಸಂಗ್ರಹಿಸುವವರಿಗೆ ಕೊಡಿ.

ಬೆಲ್ಟು, ಗಾಳಿ, ಬ್ಯಾಟರಿ

ಬೆಲ್ಟನ್ನು ಎರಡು ಚಕ್ರಗಳ ನಡುವೆ ಹೆಬ್ಬೆರಳಿಂದ ಒತ್ತಿದರೆ 10-12 ಮಿಲಿಮೀಟರ್ ಬಗ್ಗಬೇಕು. ಸುತ್ತ ಕಪ್ಪು ಹುಡಿ ಬಿದ್ದಿದ್ದರೆ ಜಾರುತ್ತಿದೆ ಅಥವಾ ಚಕ್ರಗಳು ನೇರ ಇಲ್ಲ. ಹೊಸ ಬೆಲ್ಟು ಕೆಲವು ಗಂಟೆ ಓಡಿದ ಮೇಲೆ ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿ ಮಾಡಿ.

ಗಾಳಿಯ ಫಿಲ್ಟರ್ ನೋಡಿ, ಕೊಳೆಯಾಗಿದ್ದರೆ ಬದಲಿಸಿ. ಅಷ್ಟೇ.

12 ವೋಲ್ಟಿನ ಬ್ಯಾಟರಿ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.6-12.7 ತೋರಿಸಬೇಕು. ಎಂಜಿನ್ ಓಡುವಾಗ ಸುಮಾರು 14. ಸ್ಟಾರ್ಟರ್ ಕಟ್ ಎಂದು ಸದ್ದು ಮಾಡಿ ಸುಮ್ಮನಾದರೆ ಮೊದಲು ಬ್ಯಾಟರಿ ತುದಿಗಳನ್ನೂ ಎಂಜಿನ್ನಿಗೆ ಹೋಗುವ ಅರ್ಥ್ ವೈರನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಹೊಸ ಸ್ಟಾರ್ಟರ್ ಕೊಳ್ಳುವ ಯೋಚನೆ ಆಮೇಲೆ.

ಹೊಗೆ ನೋಡುವುದು

ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕ ಗಾಳಿ ಸಿಕ್ಕಿಲ್ಲ, ಅಥವಾ ಎಂಜಿನ್ ಮೇಲೆ ಭಾರ ಜಾಸ್ತಿ. ಪ್ರೊಪೆಲ್ಲರಿಗೆ ಚಿಪ್ಪು ಕಟ್ಟಿದ್ದರೂ ಹೀಗೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಸ್ವಲ್ಪ ಗೊಂದಲ. ತಣ್ಣನೆಯ ಎಂಜಿನ್ ಶುರುವಾದಾಗ ಉರಿಯದ ಡೀಸೆಲ್ ಬಿಳಿಯಾಗಿಯೇ ಬರುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ಹೋಗದೆ ಇದ್ದರೆ, ನೀರಿನ ಹರಿವೂ ಕಡಿಮೆಯಾಗಿದ್ದರೆ, ಅದು ಆವಿ. ತಂಪು ಮಾಡುವ ನೀರು ಸಾಲುತ್ತಿಲ್ಲ. ಎಗ್ಸಾಸ್ಟಿನ ಸದ್ದೂ ಬದಲಾಗುತ್ತದೆ, ನೀರಿನ ಗಳಗಳ ಹೋಗಿ ಒಣ ಸದ್ದು ಬರುತ್ತದೆ. ಬಿಸಿಯ ಅಲಾರಂ ಕೂಗುವುದು ಇದಾದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಎಗ್ಸಾಸ್ಟಿನ ರಬ್ಬರ್ ಪೈಪು ಕಾದು ಹೋಗಿರುತ್ತದೆ. ನಾನು ಸ್ಟಾರ್ಟ್ ಮಾಡಿದ ಮೇಲೆ ಮೀಟರ್ ನೋಡುವ ಮೊದಲು ಹಿಂದೆ ಬಗ್ಗಿ ನೀರು ನೋಡುತ್ತೇನೆ.

ಓಡಿಸುವುದೂ ನಿರ್ವಹಣೆಯೇ

ಬ್ಯಾಟರಿ ಚಾರ್ಜ್ ಆಗಲಿ ಎಂದು ಗಂಟೆಗಟ್ಟಲೆ ಐಡಲಿನಲ್ಲಿ (ಗೇರ್ ಹಾಕದೆ, ನಿಧಾನವಾಗಿ) ಓಡಿಸುವ ಅಭ್ಯಾಸ ಬಿಡಿ. ಭಾರವಿಲ್ಲದೆ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಮಸಿ ಕಟ್ಟುತ್ತದೆ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ಆಯಿಲ್ ತಿನ್ನಲು ಶುರು ಮಾಡುತ್ತದೆ. ಸ್ಟಾರ್ಟ್ ಆಗಿ ಒಂದೆರಡು ನಿಮಿಷದಲ್ಲಿ ಗೇರ್ ಹಾಕಿ ಮೆಲ್ಲಗೆ ಹೊರಡಿ, ಪೂರ್ತಿ ಬಿಸಿಯಾದ ಮೇಲೆ ದುಡಿಸಿ. ಜೋರಾಗಿ ಓಡಿಸಿ ಬಂದ ಮೇಲೆ ಮಾತ್ರ ನಿಲ್ಲಿಸುವ ಮೊದಲು ಐದು ನಿಮಿಷ ಐಡಲ್ ಕೊಡಿ.

ನಿಲ್ಲಿಸುವ ಸನ್ನೆ ಎಳೆಯುವ ಮಾದರಿಯಾದರೆ ಎಂಜಿನ್ ನಿಂತ ಮೇಲೆ ಕೀಲಿ ತಿರುಗಿಸಿ ಆಫ್ ಮಾಡಿ. ಮೊದಲೇ ತಿರುಗಿಸಿದರೆ ಕೆಲವು ಎಂಜಿನ್ನುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಡುತ್ತದೆ.

ದೋಣಿಯ ತಳ ಚೊಕ್ಕ ಇರುವ ದಿನ ಒಂದು ಪರೀಕ್ಷೆ ಮಾಡಿ ಬರೆದಿಡಿ. ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ವೇಗ, ಎಷ್ಟು ಬಿಸಿ. ಆರು ತಿಂಗಳ ನಂತರ ಅದೇ ಥ್ರಾಟಲಿಗೆ 200 ಸುತ್ತು ಕಡಿಮೆ ಬಂದರೆ ಎಲ್ಲೋ ಏನೋ ಕಟ್ಟಿಕೊಂಡಿದೆ ಎಂದು ಗೊತ್ತಾಗುತ್ತದೆ. ನೋಟ್‌ಬುಕ್‌ನಲ್ಲಿ ಈ ಅಂಕಿಗಳ ಜೊತೆ ಗಂಟೆ, ಹಾಕಿದ ಆಯಿಲ್, ಬದಲಿಸಿದ ಫಿಲ್ಟರಿನ ನಂಬರು. ಇದಿಷ್ಟು ಬರೆದರೆ ನಿಮಗಿಂತ ನಿಮ್ಮ ಮೆಕ್ಯಾನಿಕ್ ಖುಷಿಪಡುತ್ತಾರೆ.

ಡಬ್ಬಿಯಲ್ಲಿ ಏನಿರಬೇಕು

ಎರಡು ಇಂಪೆಲ್ಲರ್ ಗ್ಯಾಸ್ಕೆಟ್ ಸಮೇತ, ಎರಡೂ ಬಗೆಯ ಡೀಸೆಲ್ ಫಿಲ್ಟರ್ ಎರಡೆರಡು (ಕೊಳೆ ಡೀಸೆಲ್ ಬಂದ ದಿನ ಒಂದು ಸಾಲುವುದಿಲ್ಲ), ಆಯಿಲ್ ಫಿಲ್ಟರ್, ಬೆಲ್ಟು, ಏರ್ ತೆಗೆಯುವ ತಿರುಪಿನ ತಾಮ್ರದ ವಾಷರುಗಳು, ಪೈಪಿನ ಸ್ಟೀಲ್ ಕ್ಲಿಪ್ಪು ನಾಲ್ಕು ಅಳತೆಯಲ್ಲಿ, ಒಂದು ಕ್ಯಾನ್ ಆಯಿಲ್, ಕೂಲಂಟ್. ಪ್ರತಿ ಸೀಕಾಕಿನ ಪಕ್ಕ ಮೆತ್ತನೆ ಮರದ ಗೂಟ ಒಂದು ದಾರದಲ್ಲಿ ಕಟ್ಟಿರಲಿ. ಪೈಪು ಕಳಚಿ ವಾಲ್ವೂ ಮುರಿದರೆ ತೂತಿಗೆ ಬಡಿಯಲು. ಉಪಕರಣ ನಿಮ್ಮ ಎಂಜಿನ್ನಿಗೆ ತಾಳೆ ಆಗುತ್ತವೆಯೇ ಎಂದು ದಡದಲ್ಲೇ ನೋಡಿಕೊಳ್ಳಿ. ಎಲ್ಲ ಅಳತೆಯ ದೊಡ್ಡ ಸೆಟ್ಟಿಗಿಂತ ನಿಮ್ಮ ಎಂಜಿನ್ನಿಗೆ ಬೇಕಾದ ಆರು ಒಳ್ಳೆಯ ಸ್ಪ್ಯಾನರ್ ಲೇಸು.

ಕೈ ಹಾಕಬಾರದ ಜಾಗಗಳೂ ಇವೆ. ಇಂಜೆಕ್ಷನ್ ಪಂಪಿನ ಒಳಭಾಗ, ಇಂಜೆಕ್ಟರಿನ ಒತ್ತಡ ಹೊಂದಿಸುವುದು, ಟರ್ಬೊ, ಹೆಡ್ ಗ್ಯಾಸ್ಕೆಟ್. ಇವನ್ನು ಬಲ್ಲವರಿಗೆ ಬಿಡಿ. ಸಿಲಿಂಡರಿಗೆ ನೀರು ಹೋಗಿದೆ ಎಂಬ ಅನುಮಾನ ಬಂದರೆ ಸ್ಟಾರ್ಟರ್ ಮುಟ್ಟಬೇಡಿ. ನೀರು ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಕ್ಷಣ ಮೆಕ್ಯಾನಿಕ್‌ಗೆ ಹೇಳಿ ಕಳಿಸಿ. ಅವರು ಬಂದಾಗ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಿರಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಬೇರೆಯವರನ್ನು ಹುಡುಕಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ಓಡುವ ಎಂಜಿನ್ನಿಗಿಂತ ನಿಂತ ಎಂಜಿನ್ ಬೇಗ ಹಾಳಾಗುತ್ತದೆ. ಆಯಿಲ್ ಬದಲಿಸುವುದಾದರೆ ನಿಲ್ಲಿಸುವ ಮೊದಲೇ ಬದಲಿಸಿ. ಹಳೆಯ ಆಯಿಲಿನಲ್ಲಿ ಆಮ್ಲ, ತೇವ ಎರಡೂ ಇರುತ್ತವೆ, ಅದು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರುವುದು ಬೇಡ. ಹೊರಗಿನ ನೀರಿನ ದಾರಿಗೆ ಸಿಹಿನೀರು ಹರಿಸಿ ಉಪ್ಪು ತೊಳೆಯಿರಿ. ಇದಕ್ಕೆ ಸೀಕಾಕ್ ಮುಚ್ಚಿ, ಪಂಪಿಗೆ ಬರುವ ಪೈಪನ್ನು ಬಕೆಟ್ ನೀರಿನಲ್ಲಿ ಇಟ್ಟು ಎಂಜಿನ್ ಓಡಿಸಿ. ಇನ್ನೊಬ್ಬರು ಬಕೆಟ್ ತುಂಬಿಸುತ್ತಿರಲಿ, ಒಬ್ಬರೇ ಮಾಡಬೇಡಿ. ನೀರು ಹೆಪ್ಪುಗಟ್ಟುವ ಚಳಿಯ ಜಾಗವಾದರೆ ಕೊನೆಯ ಬಕೆಟಿಗೆ ಆಂಟಿಫ್ರೀಜ್ ಬೆರೆಸಿ. ಟ್ಯಾಂಕ್ ತುಂಬಿಸಿ. ಇಂಪೆಲ್ಲರ್ ತೆಗೆದುಬಿಡಿ, ಒಂದೇ ಭಂಗಿಯಲ್ಲಿ ಬಾಗಿದ್ದರೆ ರೆಕ್ಕೆ ಹಾಗೆಯೇ ಸೆಟೆದುಕೊಳ್ಳುತ್ತದೆ. ಗಾಳಿ ಎಳೆಯುವ ಬಾಯಿಗೂ ಎಗ್ಸಾಸ್ಟಿಗೂ ಎಣ್ಣೆ ಸವರಿದ ಬಟ್ಟೆ ತುರುಕಿ.

ಹೀಗೆ ತೆಗೆದದ್ದು, ಮುಚ್ಚಿದ್ದು, ತುರುಕಿದ್ದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿರಿ: ಇಂಪೆಲ್ಲರ್ ಇಲ್ಲ, ಸೀಕಾಕ್ ಮುಚ್ಚಿದೆ, ಎರಡು ಕಡೆ ಬಟ್ಟೆ ಇದೆ. ಚೀಟಿಯನ್ನು ಸ್ಟಾರ್ಟ್ ಸ್ವಿಚ್ಚಿನ ಮೇಲೆಯೇ ಅಂಟಿಸಿ. ಮುಂದಿನ ಸಲ ಬಂದಾಗ ಒಂದೊಂದನ್ನೇ ಸರಿ ಮಾಡಿ ಗೀಟು ಹೊಡೆಯುತ್ತಾ ಬನ್ನಿ. ಎಲ್ಲಕ್ಕೂ ಗೀಟು ಬಿದ್ದ ಮೇಲೆ ಚೀಟಿ ಕಿತ್ತು ಸ್ಟಾರ್ಟ್ ಒತ್ತಿ, ಮತ್ತೆ ಹಿಂದೆ ಹೋಗಿ ನೀರು ಬರುತ್ತಿದೆಯೇ ನೋಡಿ.